ವಂಶದ ಬೇರು ಹುಡುಕಲು ಯಾವುದನ್ನು ಹಿಡಿಯಬೇಕು: ಪಹಣಿಯೋ, ಹೆಳವರ ಹೊತ್ತಿಗೆಯೋ, ಹಿರಿಯರ ಮಾತೋ?

ಹಳೆಯ ಪಹಣಿಯಲ್ಲಿ "ತಿಮ್ಮೇಗೌಡ ಬಿನ್ ಹಲಗೇಗೌಡ" ಎಂಬಂಥ ಒಂದು ಸಾಲು ಸಿಕ್ಕರೆ ಅಪ್ಪ ಮಗ ಇಬ್ಬರೂ ಒಟ್ಟಿಗೇ ಸಿಕ್ಕ ಹಾಗೆ. ಆದರೆ ಆ ಸಾಲು ಬರೆದ ಶಾನುಭೋಗರಿಗೆ ನಿಮ್ಮ ವಂಶ ಕಟ್ಟಿಕೊಂಡು ಏನೂ ಆಗಬೇಕಿರಲಿಲ್ಲ. ಕಂದಾಯ ಯಾರಿಂದ ವಸೂಲಾಗಬೇಕು ಎಂಬುದಷ್ಟೇ ಅವರಿಗೆ ಬೇಕಿತ್ತು. ಹಾಗಾಗಿ ಮದುವೆಯಾಗಿ ಹೋದ ಅಕ್ಕ, ಮನೆಬಿಟ್ಟು ಘಟ್ಟ ಹತ್ತಿದ ತಮ್ಮ, ಎಳೆಯದರಲ್ಲೇ ತೀರಿಕೊಂಡ ಮಗು, ಇವರು ಯಾರೂ ಆ ಪುಸ್ತಕದಲ್ಲಿಲ್ಲ. ಮನೆಮನೆಗೆ ಬಂದು ವಂಶ ಹೇಳುವ ಹೆಳವರ ಹೊತ್ತಿಗೆಯಲ್ಲಿ ಆ ತಮ್ಮ ಇರಬಹುದು, ಅಕ್ಕ ಇರುವುದು ಕಷ್ಟ. ಗಯೆಯ ಪುರೋಹಿತರು ಯಾತ್ರಿಕರ ಹೆಸರು ಬರೆದಿಡುವ ಬಹಿಯಲ್ಲಿ ಅಜ್ಜಿಯ ಹೆಸರು ಸಿಗಬಹುದು, ಜಮೀನಿನ ಸುದ್ದಿ ಸಿಗದು.

"ಯಾವ ದಾಖಲೆ ಒಳ್ಳೆಯದು" ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ಯಾರು, ಯಾರಿಗಾಗಿ, ಏಕೆ ಬರೆದರು ಎಂದು ಕೇಳಿದರೆ ನಿಮ್ಮ ಮನೆಗೆ ಯಾವುದು ಹೊಂದುತ್ತದೆ ಎಂಬುದು ತಾನಾಗಿ ತಿಳಿಯುತ್ತದೆ. ಕರ್ನಾಟಕದಲ್ಲಿ ಈ ಕೆಲಸಕ್ಕೆ ಕೈಹಾಕುವವರ ಮುಂದೆ ಇರುವ ದಾರಿಗಳನ್ನು ಹಾಗೆ ಇಟ್ಟು ನೋಡೋಣ.

ಮೊದಲು ಗೊತ್ತಾಗಬೇಕಾದ್ದು: ಊರು ಯಾರ ಆಡಳಿತದಲ್ಲಿತ್ತು

1956ರ ನವೆಂಬರ್ 1ಕ್ಕಿಂತ ಹಿಂದೆ ಹೋದರೆ ಈಗಿನ ಕರ್ನಾಟಕವೇ ಇಲ್ಲ. ಧಾರವಾಡ, ಬೆಳಗಾವಿ, ವಿಜಯಪುರ, ಉತ್ತರ ಕನ್ನಡ ಮುಂಬಯಿ ಪ್ರಾಂತ್ಯದಲ್ಲಿದ್ದವು. ದಕ್ಷಿಣ ಕನ್ನಡ ಮತ್ತು ಕೊಳ್ಳೇಗಾಲ ಮದ್ರಾಸಿಗೆ ಸೇರಿದ್ದವು. ಬಳ್ಳಾರಿ 1953ರವರೆಗೆ ಮದ್ರಾಸಿನಲ್ಲೇ ಇತ್ತು. ಬೀದರ್, ಕಲಬುರಗಿ, ರಾಯಚೂರು ನಿಜಾಮರ ಹೈದರಾಬಾದಿನವು. ಕೊಡಗು 1834ರಿಂದ ಬ್ರಿಟಿಷರ ನೇರ ಆಡಳಿತದಲ್ಲಿತ್ತು. ಜಮಖಂಡಿ, ಮುಧೋಳ, ರಾಮದುರ್ಗ, ಸವಣೂರು, ಸಂಡೂರು ಸಣ್ಣ ಸಂಸ್ಥಾನಗಳು, ಅವುಗಳ ದಫ್ತರವೇ ಬೇರೆ.

ಇದು ಇತಿಹಾಸದ ಪಾಠಕ್ಕಾಗಿ ಹೇಳಿದ್ದಲ್ಲ. ಉತ್ತರ ಕನ್ನಡವನ್ನೇ ನೋಡಿ: 1862ರಲ್ಲಿ ಅದು ಮದ್ರಾಸಿನಿಂದ ಮುಂಬಯಿಗೆ ವರ್ಗವಾಯಿತು. ಶಿರಸಿಯ ಒಂದೇ ಮನೆಯ 1850ರ ಕಾಗದ ಒಂದು ಪದ್ಧತಿಯಲ್ಲಿ, 1870ರದು ಇನ್ನೊಂದು ಪದ್ಧತಿಯಲ್ಲಿ ಇರುತ್ತದೆ. ಲಿಪಿಯೂ ಹಾಗೆಯೇ. ಮುಂಬಯಿ ಕರ್ನಾಟಕದ ಹಳೆಯ ಕಾಗದಗಳಲ್ಲಿ ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿ ಎದುರಾಗುತ್ತದೆ, ಹೈದರಾಬಾದ್ ಕಡೆಯವು ಉರ್ದುವಿನಲ್ಲಿರುತ್ತವೆ. ಓದಬಲ್ಲವರನ್ನು ಮೊದಲೇ ಗೊತ್ತುಮಾಡಿಕೊಳ್ಳದೆ ನಕಲಿಗೆ ದುಡ್ಡು ಕಟ್ಟಿದರೆ, ಅರ್ಥವಾಗದ ಹಾಳೆಗಳ ಕಟ್ಟೊಂದು ಮನೆಗೆ ಬಂದು ಕೂರುತ್ತದೆ.

ಊರಿನ ತಾಲ್ಲೂಕೂ ಬದಲಾಗಿರಬಹುದು. 1997ರಲ್ಲಿ ಏಳು ಹೊಸ ಜಿಲ್ಲೆಗಳು ಬಂದವು, ಆಮೇಲೆ ಹೊಸ ತಾಲ್ಲೂಕುಗಳೂ ಬಂದವು. ಹೊಸ ಕಚೇರಿಯಲ್ಲಿ "ಇಲ್ಲ" ಎಂದ ತಕ್ಷಣ ಆಸೆ ಬಿಡಬೇಡಿ. ಹಳೆಯ ಪುಸ್ತಕಗಳು ಮೂಲ ತಾಲ್ಲೂಕಿನ ರೆಕಾರ್ಡ್ ರೂಮಿನಲ್ಲೇ ಉಳಿದಿರುವುದುಂಟು.

ಬೆಂಗಳೂರಿನ ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರ, ಚೆನ್ನೈನ ಎಗ್ಮೋರ್, ಮುಂಬೈ, ಹೈದರಾಬಾದುಗಳ ಪತ್ರಾಗಾರಗಳು ಎರಡನೆಯ ಸುತ್ತಿಗೆ. ಮನೆತನಕ್ಕೆ ಇನಾಮು, ಜೋಡಿ ಗ್ರಾಮ (ರಿಯಾಯಿತಿ ಕಂದಾಯದ ಊರು), ಪಟೇಲಿಕೆ ಇದ್ದರೆ ಅಥವಾ ಯಾರಾದರೂ ಸರ್ಕಾರಕ್ಕೆ ಅರ್ಜಿ ಹಾಕಿಕೊಂಡಿದ್ದರೆ ಅಲ್ಲಿ ಕಡತ ಸಿಗುತ್ತದೆ. ಸಾಮಾನ್ಯ ರೈತಾಪಿ ಮನೆಯ ಕೆಲಸ ಮುಕ್ಕಾಲುಪಾಲು ತಾಲ್ಲೂಕು ಕಚೇರಿಯಲ್ಲೇ ಮುಗಿಯುತ್ತದೆ.

ಹಿರಿಯರ ಬಾಯಿಮಾತು

ಇದಕ್ಕೇ ಮೊದಲ ಸ್ಥಾನ. ಇದೇ ಹೆಚ್ಚು ನಿಖರ ಎಂದಲ್ಲ, ಪುಸ್ತಕ ಮುಂದಿನ ವರ್ಷವೂ ಇರುತ್ತದೆ, ಅಜ್ಜಿ ಇರುತ್ತಾಳೋ ಇಲ್ಲವೋ.

ಮಾತು ಎಲ್ಲಿ ಕೈಕೊಡುತ್ತದೆ ಎಂಬುದು ಗೊತ್ತಿರಲಿ. ಹೆಸರು, ಸಂಬಂಧ, ಜಗಳದ ಕಾರಣ ಇವುಗಳನ್ನು ಹಿರಿಯರು ಚೆನ್ನಾಗಿ ನೆನಪಿಟ್ಟಿರುತ್ತಾರೆ. ಇಸವಿ ನೆನಪಿರುವುದಿಲ್ಲ. "ಯಾವ ವರ್ಷ?" ಎಂದು ಕೇಳುವ ಬದಲು "ಗಾಂಧಿ ಸತ್ತಾಗ ನಿಮಗೆ ಮದುವೆ ಆಗಿತ್ತಾ?" "ಊರಿಗೆ ಕರೆಂಟು ಬಂದಾಗ ಅವರು ಇದ್ದರಾ?" ಎಂದು ಕೇಳಿ. "ಚಿಕ್ಕಪ್ಪ" ಎಂದರೆ ಅಲ್ಲಿಗೇ ಬರೆದುಕೊಳ್ಳಬೇಡಿ. ಒಡಹುಟ್ಟಿದವರೋ, ದಾಯಾದಿಯೋ, ಓಣಿಯ ವಾವೆಯೋ ಎಂದು ಕೇಳಿಕೊಳ್ಳಿ. ವಂಶವೃಕ್ಷಗಳಲ್ಲಿ ಕಾಣುವ ತಪ್ಪು ಕೊಂಬೆಗಳಲ್ಲಿ ಬಹಳಷ್ಟು ಇಂಥ ಒಂದು ಚಿಕ್ಕಪ್ಪನಿಂದ ಹುಟ್ಟಿದವು. ಒಮ್ಮೆಗೆ ಮುಕ್ಕಾಲು ಗಂಟೆ ಸಾಕು, ಎರಡನೆಯ ಸಲ ಕೂತಾಗ ಬರುವುದೇ ಹೆಚ್ಚು. ಮನೆಯ ಜಗುಲಿಗಿಂತ ಹೊಲದ ಬದುವಿನ ಮೇಲೆ ನಿಂತು ಕೇಳಿದರೆ ಯಾವ ತುಂಡು ಯಾರ ಪಾಲಿಗೆ ಬಂತು ಎಂಬುದು ಸರಾಗವಾಗಿ ಹೊರಬರುತ್ತದೆ.

ಶ್ರಾದ್ಧ ಮಾಡುವ ಮನೆಗಳಲ್ಲಿ ಇದಕ್ಕೆ ಸಮನಾದ ಇನ್ನೊಂದು ಆಕರವಿದೆ, ಬಹಳ ಮಂದಿ ಅದನ್ನು ಗಮನಿಸುವುದಿಲ್ಲ. ಅಪ್ಪ, ಅಜ್ಜ, ಮುತ್ತಜ್ಜ. ಅಮ್ಮ, ಅಜ್ಜಿ, ಮುತ್ತಜ್ಜಿ. ಹಾಗೆಯೇ ತಾಯಿಯ ತವರಿನ ಕಡೆಯ ಮೂವರು ಗಂಡಸರು, ಮೂವರು ಹೆಂಗಸರು. ಹೀಗೆ ಹನ್ನೆರಡು ಹೆಸರು, ಗೋತ್ರ ಸಮೇತ, ಪ್ರತಿವರ್ಷ ಉಚ್ಚರಿಸುವ ಕಾರಣ ಹೆಚ್ಚು ಕೆಡದೆ ಉಳಿದಿರುತ್ತವೆ. ಪುರೋಹಿತರ ಹಳೆಯ ಚೀಟಿಯೋ, ಅಜ್ಜ ಪಂಚಾಂಗದ ಹಿಂದೆ ಬರೆದಿಟ್ಟ ಪಟ್ಟಿಯೋ ಇದ್ದರೆ ಫೋಟೋ ತೆಗೆದುಕೊಳ್ಳಿ. ಹೆಂಗಸರ ಹೆಸರು ಇಷ್ಟು ಖಚಿತವಾಗಿ ಸಿಗುವ ಜಾಗ ಬೇರೆ ಅಪರೂಪ. ಒಂದು ಎಚ್ಚರ: ಮದುವೆಯಲ್ಲಿ ಹೆಸರು ಬದಲಿಸುವ ಮನೆಗಳಲ್ಲಿ ಇದು ಗಂಡನ ಮನೆಯಲ್ಲಿ ಇಟ್ಟ ಹೆಸರಾಗಿರುತ್ತದೆ. ತವರಿನ ದಾಖಲೆಯಲ್ಲಿ ಅದನ್ನೇ ಹುಡುಕಿದರೆ ಸಿಗದು.

ಜಮೀನಿನ ಕಾಗದ

ಭೂಮಿ ಇದ್ದ ಮನೆಗೆ ಇದಕ್ಕಿಂತ ಗಟ್ಟಿ ಆಧಾರ ಇಲ್ಲ. ಮುಂಬಯಿ ಪ್ರಾಂತ್ಯದಲ್ಲಿ 1835ರಲ್ಲಿ ಶುರುವಾದ ಕಂದಾಯ ಸರ್ವೆ ಮುಂದಿನ ದಶಕದಲ್ಲಿ ಧಾರವಾಡದ ಕಡೆಗೂ ಬಂತು. ಮೈಸೂರಿನಲ್ಲಿ ಸರ್ವೆ ಇಲಾಖೆ ಆರಂಭವಾದದ್ದು 1863ರಲ್ಲಿ. ಸರ್ವೆ ನಂಬರು ಹುಟ್ಟಿದ ಮೇಲೆ ಹೊಲಕ್ಕೆ ಒಂದು ಸ್ಥಿರ ಗುರುತು ಸಿಕ್ಕಿತು. ಹಿಡುವಳಿದಾರರ ಹೆಸರು ಬದಲಾಗುತ್ತದೆ, ನಂಬರು ಬದಲಾಗುವುದು ಅಪರೂಪ. ಆದ್ದರಿಂದ ಹೆಸರಿನಿಂದ ಹುಡುಕಬೇಡಿ, ನಂಬರಿನಿಂದ ಹಿಂದಕ್ಕೆ ನಡೆಯಿರಿ.

ನಡೆಯುವ ಬಗೆ ಹೀಗೆ. ಈಗಿನ ಪಹಣಿ ತೆಗೆಯಿರಿ. 9ನೇ ಕಾಲಂನಲ್ಲಿ ಮಾಲೀಕರ ಹೆಸರು, 10ನೇ ಕಾಲಂನಲ್ಲಿ ಅದು ಹೇಗೆ ಬಂತು ಎಂಬುದರ ಮ್ಯುಟೇಶನ್ (ಹಕ್ಕು ಬದಲಾವಣೆ) ಸಂಖ್ಯೆ ಇರುತ್ತದೆ. ಭೂಮಿ ಯೋಜನೆಯಲ್ಲಿ ಕಂಪ್ಯೂಟರಿಗೆ ಏರುವ ಮುನ್ನ, ಅಂದರೆ 2000ದ ಸುಮಾರಿಗಿಂತ ಹಿಂದೆ, ಕೈಬರಹದ ಪಹಣಿ ಇತ್ತು. ಅದರ ನಕಲಿಗೆ ರೆಕಾರ್ಡ್ ರೂಮಿನಲ್ಲಿ ಸರ್ವೆ ನಂಬರು, ಹಿಸ್ಸಾ (ಒಡೆದ ಪಾಲಿನ) ನಂಬರು, ಬೇಕಾದ ವರ್ಷಗಳನ್ನು ಬರೆದು ಅರ್ಜಿ ಕೊಡಿ. ಭೂ ಸುರಕ್ಷಾ ಯೋಜನೆಯಲ್ಲಿ ಈ ಹಳೆಯ ಪುಸ್ತಕಗಳನ್ನು ಸ್ಕ್ಯಾನ್ ಮಾಡುವ ಕೆಲಸ ನಡೆದಿದೆ, ನಿಮ್ಮ ತಾಲ್ಲೂಕಿನದು ಆಗಿದೆಯೇ ಎಂದು ಮೊದಲು ವಿಚಾರಿಸಿ. ಕೈಬರಹದ ಪಹಣಿಯಲ್ಲಿ ಗೀಟು ಹಾಕಿ ಹೊಡೆದ ಹೆಸರು, ಪಕ್ಕದಲ್ಲಿ ಕೆಂಪು ಮಸಿಯ ಟಿಪ್ಪಣಿ ಕಂಡರೆ ಅದೇ ನಿಮಗೆ ಬೇಕಾದ ಜಾಗ. ಟಿಪ್ಪಣಿಯಲ್ಲಿರುವ ಸಂಖ್ಯೆ ಹಿಡಿದು ಮ್ಯುಟೇಶನ್ ರಿಜಿಸ್ಟರಿನ ನಕಲು ಕೇಳಿ. ಐ.ಎಚ್.ಸಿ. ಎಂದಿದ್ದರೆ ಅದು ವಾರಸಿನಿಂದ ಬಂದದ್ದು, ಸತ್ತವರೂ ಉಳಿದವರೂ ಒಂದೇ ನಮೂದಿನಲ್ಲಿ ಸಿಗುತ್ತಾರೆ. ಉತ್ತರ ಕರ್ನಾಟಕದಲ್ಲಿ ಇದನ್ನೇ ವಾರಸಾ ವರ್ದಿ, ಡೈರಿ ನಂಬರು ಎನ್ನುತ್ತಾರೆ. ಬಿನ್ ಎಂದರೆ ಇಂಥವರ ಮಗ, ಕೋಂ ಎಂದರೆ ಇಂಥವರ ಹೆಂಡತಿ, ಉರ್ಫ್ ಎಂದರೆ ಇನ್ನೊಂದು ಹೆಸರು. ಈ ಉರ್ಫ್ ಅನ್ನು ಬಿಟ್ಟು ಓದಿದವರು ಒಬ್ಬರನ್ನೇ ಇಬ್ಬರು ಮಾಡಿಕೊಂಡಿದ್ದಾರೆ.

ಹೆಸರು ಸಿಗದಿದ್ದರೂ ವಿಸ್ತೀರ್ಣ ಮಾತಾಡುತ್ತದೆ. ಸರ್ವೆ ನಂ. 47 ಮೂಲದಲ್ಲಿ 4 ಎಕರೆ 36 ಗುಂಟೆ ಎಂದಿಟ್ಟುಕೊಳ್ಳಿ. ಎಕರೆಗೆ 40 ಗುಂಟೆಯಂತೆ ಒಟ್ಟು 196 ಗುಂಟೆ. ಈಗ 47/1, 47/2, 47/3, 47/4 ಎಂದು ನಾಲ್ಕು ಹಿಸ್ಸೆಯಾಗಿ ಒಂದೊಂದೂ 1 ಎಕರೆ 9 ಗುಂಟೆ ಇದ್ದರೆ ನಾಲ್ವರು ಅಣ್ಣತಮ್ಮಂದಿರ ಸಮಪಾಲು ಎಂದು ಊಹಿಸಬಹುದು. ಅದೇ ಒಂದು ಹಿಸ್ಸೆ 2 ಎಕರೆ 18 ಗುಂಟೆ, ಉಳಿದೆರಡು 1 ಎಕರೆ 9 ಗುಂಟೆ ಇದ್ದರೆ ಕಥೆ ಬೇರೆ: ಮೊದಲು ಇಬ್ಬರಲ್ಲಿ ಪಾಲಾಗಿ, ಮುಂದಿನ ತಲೆಮಾರಿನಲ್ಲಿ ಒಬ್ಬರ ಇಬ್ಬರು ಮಕ್ಕಳು ಮತ್ತೆ ಹಂಚಿಕೊಂಡಿದ್ದಾರೆ. ಊಹೆ ಊಹೆಯೇ, ಮಾರಾಟದಿಂದಲೂ ಹೀಗೆ ಒಡೆದಿರಬಹುದು. ಆದರೆ ಯಾವ ಮ್ಯುಟೇಶನ್ ಹುಡುಕಬೇಕು ಎಂಬುದನ್ನು ಈ ಲೆಕ್ಕ ತೋರಿಸಿಕೊಡುತ್ತದೆ. ಸರ್ವೆ ಇಲಾಖೆಯ ಟಿಪ್ಪಣಿ (ಅಳತೆಯ ನಕ್ಷೆ), ಆಕಾರ್‌ಬಂದ್ (ವಿಸ್ತೀರ್ಣ, ಕಂದಾಯದ ಪಟ್ಟಿ) ತೆಗೆಸಿದರೆ ಒಡೆದ ಕ್ರಮವೂ ಸ್ಪಷ್ಟವಾಗುತ್ತದೆ.

ಎಲ್ಲರೂ ಎಡವುವ ಜಾಗ ಒಂದಿದೆ. ಪೌತಿ ಖಾತೆಯಾದ, ಅಂದರೆ ಸತ್ತವರ ಖಾತೆ ವಾರಸುದಾರರ ಹೆಸರಿಗಾದ ತಾರೀಖನ್ನು ಸತ್ತ ತಾರೀಖೆಂದು ಬರೆದುಕೊಳ್ಳುತ್ತಾರೆ. ಮುತ್ತಜ್ಜ ತೀರಿಕೊಂಡು ಮೂವತ್ತು ವರ್ಷವಾದ ಮೇಲೆ, ಬ್ಯಾಂಕ್ ಸಾಲ ಬೇಕಾದಾಗ ಖಾತೆ ಮಾಡಿಸಿಕೊಂಡ ಮನೆಗಳು ಎಷ್ಟೋ. ಖಾತೆಯ ದಿನಕ್ಕಿಂತ ಮೊದಲು ಸತ್ತಿದ್ದರು ಎಂದಷ್ಟೇ ಅದರಿಂದ ಗೊತ್ತಾಗುವುದು. ಹಾಗೆಯೇ ನಾಡಕಚೇರಿಯಿಂದ ಸಿಗುವ ವಂಶವೃಕ್ಷ ಪ್ರಮಾಣಪತ್ರವನ್ನು ಸಂಶೋಧನೆಯ ಆಧಾರ ಎಂದು ತಿಳಿಯಬೇಡಿ. ಅರ್ಜಿದಾರರ ಹೇಳಿಕೆ, ಸ್ಥಳದ ಮಹಜರು ಇವುಗಳ ಮೇಲೆ ಅದು ತಯಾರಾಗುತ್ತದೆ, ಆಸ್ತಿಯ ತಂಟೆಯಲ್ಲಿ ಹೆಸರು ಬಿಡುವುದೂ ನಡೆಯುತ್ತದೆ. ಅದರಲ್ಲಿ ಇರುವವರನ್ನು ನಂಬಬಹುದು, ಇಲ್ಲದವರು ಇರಲೇ ಇಲ್ಲ ಎನ್ನಲಾಗದು.

ಹೆಣ್ಣುಮಕ್ಕಳ ಹೆಸರು ಯಾವಾಗ ಕಾಣಿಸಿಕೊಳ್ಳುತ್ತದೆ ಎಂಬುದಕ್ಕೂ ಕಾನೂನೇ ಕಾರಣ. ಮೈಸೂರು ಸಂಸ್ಥಾನದಲ್ಲಿ 1933ರ ಹಿಂದೂ ಸ್ತ್ರೀಯರ ಹಕ್ಕಿನ ಕಾಯ್ದೆ, ಆಮೇಲೆ 1956ರ ಉತ್ತರಾಧಿಕಾರ ಕಾಯ್ದೆ, ಕರ್ನಾಟಕದ 1994ರ ತಿದ್ದುಪಡಿ, ಕೇಂದ್ರದ 2005ರ ತಿದ್ದುಪಡಿ, ಒಂದೊಂದರ ಬೆನ್ನಿಗೂ ದಾಖಲೆಯಲ್ಲಿ ಅಕ್ಕತಂಗಿಯರು ಹೆಚ್ಚಾಗುತ್ತಾ ಹೋಗುತ್ತಾರೆ. 1940ರ ಮ್ಯುಟೇಶನ್ನಿನಲ್ಲಿ ಮಗಳಿಲ್ಲವೆಂದು ಆ ಮನೆಯಲ್ಲಿ ಮಗಳೇ ಇರಲಿಲ್ಲ ಎಂದು ಬರೆಯುವುದು ದೊಡ್ಡ ತಪ್ಪು.

ಕರಾವಳಿಯಲ್ಲಿ ಈ ಲೆಕ್ಕವೇ ತಿರುಗುಮುರುಗು. ಅಳಿಯಸಂತಾನದ ಮನೆಗಳಲ್ಲಿ ಆಸ್ತಿ ತಾಯಿಯ ಸಾಲಿನಲ್ಲಿ ಇಳಿಯುತ್ತಿತ್ತು, ಯಜಮಾನನ ನಂತರದ ಹೆಸರು ಅವನ ಮಗನದಲ್ಲ, ಸೋದರಳಿಯನದಾಗಿರುತ್ತಿತ್ತು. ಇದು ಗೊತ್ತಿಲ್ಲದೆ ಅಪ್ಪ ಮಗ ಎಂದು ಜೋಡಿಸಿದರೆ ಇಡೀ ಮರ ಸುಳ್ಳಾಗುತ್ತದೆ. ಅದೃಷ್ಟಕ್ಕೆ, 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆಯ ನಂತರ ನೋಂದಣಿಯಾದ ಪಾಲುಪಟ್ಟಿಗಳಲ್ಲಿ ಕವರು ಕವರಾಗಿ (ಒಬ್ಬ ತಾಯಿಯಿಂದ ಬಂದ ಕವಲು ಒಂದು ಕವರು) ಹೆಂಗಸರನ್ನೇ ಮೊದಲಿಟ್ಟು ಹೆಸರು ಬರೆದಿರುತ್ತಾರೆ. ಬೇರೆ ಕಡೆಯವರು ಹೊಟ್ಟೆಕಿಚ್ಚು ಪಡುವಷ್ಟು ವಿವರ.

ಸಬ್ ರಿಜಿಸ್ಟ್ರಾರ್ ಆಫೀಸೋ, ಕೋರ್ಟೋ

ಪಹಣಿಯಲ್ಲಿ ಹೆಸರಿನ ಸಾಲು ಮಾತ್ರ, ನೋಂದಾಯಿತ ಪತ್ರದಲ್ಲಿ ಮಾತೇ ಇರುತ್ತದೆ. ವಿಭಾಗ ಪತ್ರ, ದಾನಪತ್ರ, ದತ್ತುಪತ್ರ ಇವುಗಳಲ್ಲಿ ವಯಸ್ಸು, ಕಸುಬು, ವಾಸ, ಸಂಬಂಧ ಬರೆದಿರುತ್ತದೆ. ಆಸ್ತಿಯ ಚಕ್ಕುಬಂದಿ (ನಾಲ್ಕು ದಿಕ್ಕಿನ ಎಲ್ಲೆ) ಓದಲು ಮರೆಯಬೇಡಿ: "ಪೂರ್ವಕ್ಕೆ ನನ್ನ ಅಣ್ಣನ ಜಮೀನು" ಎಂಬ ನಾಲ್ಕು ಪದ ಒಂದು ತಲೆಮಾರನ್ನೇ ಕೊಟ್ಟುಬಿಡಬಹುದು. 1908ರ ನೋಂದಣಿ ಕಾಯ್ದೆಯ 57ನೇ ಕಲಮಿನಂತೆ ಸ್ಥಿರಾಸ್ತಿಯ 1ನೇ ಪುಸ್ತಕ ಮತ್ತು ಅದರ ಸೂಚಿಯನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು. ಉಯಿಲುಗಳಿರುವ 3ನೇ ಪುಸ್ತಕ ಹಾಗಲ್ಲ, ಉಯಿಲು ಬರೆದವರು ಬದುಕಿರುವವರೆಗೆ ಅವರಿಗೆ ಅಥವಾ ಅವರ ಪ್ರತಿನಿಧಿಗೆ ಮಾತ್ರ ನಕಲು, ಅವರು ತೀರಿಕೊಂಡ ಮೇಲೆ ಅರ್ಜಿ ಹಾಕಿದ ಯಾರಿಗಾದರೂ ಸಿಗುತ್ತದೆ. ಹೆಸರಿನ ಸೂಚಿ ವರ್ಷವಾರು ಇರುವುದರಿಂದ ಹತ್ತು ವರ್ಷದ ಅಂದಾಜಾದರೂ ಕೈಯಲ್ಲಿರಬೇಕು, ಇಲ್ಲದಿದ್ದರೆ ದಿನಗಟ್ಟಲೆ ಹಾಳೆ ತಿರುವುವುದೇ ಆಗುತ್ತದೆ.

ದಾಯಾದಿ ಜಗಳ ಕೋರ್ಟು ಹತ್ತಿದ್ದರೆ ಸಂಶೋಧಕರಿಗೆ ಅದೇ ಹಬ್ಬ. ಪಾಲಿನ ದಾವೆಯ ಫಿರ್ಯಾದಿಯಲ್ಲಿ ವಂಶಾವಳಿಯನ್ನೇ ಬರೆದು ತೋರಿಸುತ್ತಾರೆ, ಎದುರಾಳಿ ಒಪ್ಪದಿದ್ದರೆ ತನ್ನ ವಂಶಾವಳಿ ಕೊಡುತ್ತಾನೆ. ಎರಡರಲ್ಲೂ ಒಂದೇ ಆಗಿರುವ ಭಾಗ ಹೆಚ್ಚುಕಡಿಮೆ ನಿಜ. ಕಾಗದಗಳ ಮೇಲೆ ದಾವೆ ಸಂಖ್ಯೆ, ವರ್ಷ ಕಂಡರೆ ಬರೆದಿಟ್ಟುಕೊಳ್ಳಿ, ಅವಿಲ್ಲದೆ ಕೋರ್ಟಿನಲ್ಲಿ ಏನೂ ಸಿಗದು.

ಭೂಮಿ ಇಲ್ಲದಿದ್ದ ಮನೆಗಳು

"ನಮಗೆ ಜಮೀನೇ ಇರಲಿಲ್ಲ, ದಾಖಲೆ ಎಲ್ಲಿಂದ ಬರಬೇಕು" ಎಂದು ಅರ್ಧಕ್ಕೇ ಬಿಡುವವರು ಬಹಳ. ಹಾಗಲ್ಲ. ತಳವಾರಿಕೆ, ತೋಟಿ, ನೀರಗಂಟಿ ಮೊದಲಾದ ಊರಚಾಕರಿಗೆ ಸಣ್ಣ ಇನಾಮು ಜಮೀನು ಇರುತ್ತಿತ್ತು. ಗ್ರಾಮ ಹುದ್ದೆಗಳನ್ನು ರದ್ದು ಮಾಡಿದ 1961ರ ಕಾಯ್ದೆ 1963ರಲ್ಲಿ ಜಾರಿಗೆ ಬಂದಾಗ ಆ ಜಮೀನನ್ನು ಚಾಕರಿಯವರಿಗೇ ಮರುಮಂಜೂರು ಮಾಡಬೇಕಾಯಿತು. ಯಾರಿಗೆ ಎಂದು ತೀರ್ಮಾನಿಸಲು ವಂಶಾವಳಿ ಬೇಕು. ಆ ಕಡತಗಳು ತಹಶೀಲ್ದಾರ್, ಉಪವಿಭಾಗಾಧಿಕಾರಿ ಕಚೇರಿಗಳಲ್ಲಿ ಹುಡುಕಬೇಕಾದವು. ಗೇಣಿದಾರರಾಗಿದ್ದರೆ 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯ ನಮೂನೆ 7 ನೋಡಿ. ಎಷ್ಟು ವರ್ಷದಿಂದ, ಯಾರ ಕಾಲದಿಂದ ಉಳುತ್ತಿದ್ದೇವೆ ಎಂಬ ಹೇಳಿಕೆ ಭೂ ನ್ಯಾಯಮಂಡಳಿಯ ಕಡತದಲ್ಲಿ ಇರುತ್ತದೆ. ಪರಿಶಿಷ್ಟರಿಗೆ ಮಂಜೂರಾದ ಜಮೀನಿನ ಸಾಗುವಳಿ ಚೀಟಿ, ಅದು ಪರಭಾರೆಯಾಗಿದ್ದರೆ ಅಂಥ ಪರಭಾರೆಯನ್ನು ತಡೆಯುವ 1978ರ ಪಿಟಿಸಿಎಲ್ ಕಾಯ್ದೆಯಡಿ ನಡೆದ ಪ್ರಕರಣದ ಕಡತ, ಇವೂ ಅಷ್ಟೇ ಬೆಲೆಯವು. ಅಣೆಕಟ್ಟಿನ ಮುಳುಗಡೆಯಿಂದ ಎದ್ದುಬಂದ ಕುಟುಂಬಗಳಿಗೆ ಭೂಸ್ವಾಧೀನದ ಐತೀರ್ಪಿನಲ್ಲಿ (ಪರಿಹಾರದ ಆದೇಶದಲ್ಲಿ) ಹೆಸರು, ವಿಸ್ತೀರ್ಣ, ಪರಿಹಾರ ಸಿಗುತ್ತದೆ. ಮುಳುಗಿದ ಊರಿನ ಹೆಸರೇ ಅಲ್ಲಿ ಕೀಲಿಕೈ.

ಯಾವ ಕಡತ ಎಲ್ಲಿದೆ ಎಂಬುದೇ ತಿಳಿಯದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಉಪಯೋಗಕ್ಕೆ ಬರುತ್ತದೆ. ಕರ್ನಾಟಕದ ನಿಯಮದಂತೆ ಶುಲ್ಕ 10 ರೂಪಾಯಿ, ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. "ನಮ್ಮ ವಂಶದ ಎಲ್ಲ ದಾಖಲೆ ಕೊಡಿ" ಎಂದು ಬರೆದರೆ ಕೊಡಲಾಗದು ಎಂಬ ಹಿಂಬರಹ ಗ್ಯಾರಂಟಿ. ಗ್ರಾಮ, ಸರ್ವೆ ನಂಬರು, ಪ್ರಕರಣದ ಬಗೆ, ಅಂದಾಜು ವರ್ಷ ಇಷ್ಟು ಬರೆಯಿರಿ.

ಶಾಲೆಯ ದಾಖಲಾತಿ ಪುಸ್ತಕಕ್ಕೆ ಜಾತಿ, ಜಮೀನಿನ ಹಂಗಿಲ್ಲ. ಅಪ್ಪನ ಹೆಸರು, ಊರು, ಹಿಂದಿನ ಶಾಲೆ ಇವನ್ನು ನಂಬಿ. ಹುಟ್ಟಿದ ದಿನವನ್ನು ನಂಬಬೇಡಿ. ತಲೆಯ ಮೇಲಿಂದ ಕೈ ಬಳಸಿ ಆಚೆ ಕಿವಿ ಮುಟ್ಟಿದರೆ ವಯಸ್ಸಾಯಿತು ಎಂದು ಸೇರಿಸಿಕೊಳ್ಳುತ್ತಿದ್ದ ಕಾಲದಲ್ಲಿ ಮೇಷ್ಟ್ರು ಜೂನ್ 1 ಎಂದು ಬರೆದು ಕೈತೊಳೆದುಕೊಂಡಿದ್ದಾರೆ.

ಹೆಳವರೋ, ತೀರ್ಥದ ಪುರೋಹಿತರೋ

ಉತ್ತರ ಕರ್ನಾಟಕದವರು ಯಾವ ಕಚೇರಿಗೂ ಹೋಗುವ ಮುನ್ನ ತಮ್ಮ ಮನೆಗೆ ಯಾವ ಹೆಳವರು ಬರುತ್ತಿದ್ದರು ಎಂದು ಕೇಳಿಕೊಳ್ಳಬೇಕು. ಎತ್ತಿನ ಮೇಲೆ ಬಂದು, ಮನೆಯ ಮುಂದೆ ವಂಶವನ್ನು ಹಾಡಿ ಹೇಳಿ, ಕಾಳುಕಡಿ ಪಡೆದು ಹೋಗುವ ಇವರು ಒಂದೊಂದು ಮನೆತನದ ಹೊತ್ತಿಗೆಯನ್ನು ತಲೆತಲಾಂತರದಿಂದ ಕಾಯ್ದುಕೊಂಡು ಬಂದವರು. ಮೂಲ ಊರು, ಬೆಡಗು (ಕುಲದ ಕವಲು), ಮನೆದೇವರು, ಊರು ಬಿಟ್ಟ ಕಾರಣ, ಕವಲಾಗಿ ಹೋದವರ ಊರು, ಇಷ್ಟೆಲ್ಲ ಒಟ್ಟಿಗೆ ಯಾವ ಸರ್ಕಾರಿ ಪುಸ್ತಕವೂ ಕೊಡುವುದಿಲ್ಲ. ಸುಗ್ಗಿ ಮುಗಿದ ಮೇಲೆ ಅವರು ಸಂಚಾರದಲ್ಲಿರುತ್ತಾರೆ. ನಿಮ್ಮ ದಾಯಾದಿಗಳ ಊರುಗಳಲ್ಲಿ ವಿಚಾರಿಸಿದರೆ ಜಾಡು ಸಿಗುತ್ತದೆ. ಹೊತ್ತಿಗೆಯೇ ಅವರ ಜೀವನೋಪಾಯ, ಆದ್ದರಿಂದ ಫೋಟೋ ತೆಗೆಯಲು ಮೊಬೈಲು ಎತ್ತಬೇಡಿ. ಓದಿ ಹೇಳಲು ಕೇಳಿ, ಒಪ್ಪಿದರೆ ಧ್ವನಿ ಮುದ್ರಿಸಿಕೊಳ್ಳಿ, ರೂಢಿಯ ಕಾಣಿಕೆ ಕೊಡಿ.

ಎಷ್ಟು ನಂಬಬೇಕು? ಕೊನೆಯ ಮೂರು ತಲೆಮಾರನ್ನು ಮ್ಯುಟೇಶನ್ನಿನ ಜೊತೆ ತಾಳೆ ನೋಡಿ. ಅಲ್ಲಿ ಹೊಂದಿದರೆ ಅದರ ಹಿಂದಿನ ಮೂರ್ನಾಲ್ಕನ್ನೂ ಧೈರ್ಯವಾಗಿ ಒಪ್ಪಬಹುದು. ಇನ್ನೂ ಹಿಂದಕ್ಕೆ ಲೆಕ್ಕ ಹಾಕಿ. ಹನ್ನೆರಡು ತಲೆಮಾರು ಹೇಳಿದರೆ ನಡುವಿನ ಅಂತರ ಹನ್ನೊಂದು, ತಲೆಗೆ 25ರಿಂದ 30 ವರ್ಷ ಹಿಡಿದರೆ 275ರಿಂದ 330 ವರ್ಷ. ಕೊನೆಯವರು 2000ದಲ್ಲಿ ಹುಟ್ಟಿದ್ದರೆ ಮೊದಲಿನವರು 1670 ಮತ್ತು 1725ರ ನಡುವೆ ಹುಟ್ಟಿರಬೇಕು. ಆ ಮೂಲಪುರುಷರು 1565ರ ತಾಳಿಕೋಟೆ ಯುದ್ಧದಲ್ಲಿ ಹೋರಾಡಿದರು ಎಂಬ ಮಾತೂ ಜೊತೆಗೆ ಬಂದರೆ, ನಡುವೆ ಕನಿಷ್ಠ ನಾಲ್ಕೈದು ತಲೆ ಬಿಟ್ಟುಹೋಗಿದೆ ಅಥವಾ ಯುದ್ಧದ ಮಾತು ಆಮೇಲೆ ಸೇರಿದೆ.

ಕಾಶಿ, ಗಯಾ, ತ್ರ್ಯಂಬಕೇಶ್ವರಗಳ ಪುರೋಹಿತರ ಪುಸ್ತಕ ಇದಕ್ಕೆ ವಿರುದ್ಧ ಗುಣದ್ದು. ಆಳ ಕಡಿಮೆ, ನಿಖರತೆ ಹೆಚ್ಚು, ಏಕೆಂದರೆ ಬಂದವರೇ ನಿಂತು ಬರೆಸಿದ್ದು, ಎಷ್ಟೋ ಸಲ ಅವರದೇ ಸಹಿ. ಜೊತೆಗೆ ಬಂದವರ ಹೆಸರೂ ಇರುತ್ತದೆ. ಅಲ್ಲಿ ಊರು, ಜಾತಿ, ಪ್ರಾಂತ್ಯದ ಪ್ರಕಾರ ಪುಸ್ತಕ ಹಂಚಿಹೋಗಿರುವುದರಿಂದ ಈಗಿನ ಜಿಲ್ಲೆ ಹೇಳಿದರೆ ಪ್ರಯೋಜನವಿಲ್ಲ, ಯಾತ್ರೆಗೆ ಹೋದ ಕಾಲದ ತಾಲ್ಲೂಕು, ಸಂಸ್ಥಾನ ಹೇಳಿ. ಯಾತ್ರೆಗೆ ಹೋಗುವ ಶಕ್ತಿಯಿದ್ದ ಮನೆಗಳಿಗಷ್ಟೇ ಈ ದಾರಿ ಎಂಬುದೂ ನೆನಪಿರಲಿ. ಮನೆತನದ ಯಾರೂ ಹೋಗಿದ್ದ ಸುಳಿವಿಲ್ಲದಿದ್ದರೆ ಅದಕ್ಕಾಗಿಯೇ ಟಿಕೆಟು ಮಾಡಿಸುವುದು ಬೇಡ.

ಕ್ರೈಸ್ತ ಮನೆಗಳಿಗೆ ಚರ್ಚಿನ ಜ್ಞಾನಸ್ನಾನ, ಮದುವೆ, ಮರಣದ ಪುಸ್ತಕಗಳೇ ಮೊದಲು. ಮಂಗಳೂರಿನ ಕ್ಯಾಥೊಲಿಕರಲ್ಲಿ 1784ರಿಂದ 1799ರವರೆಗಿನ ಟಿಪ್ಪು ಸುಲ್ತಾನನ ಸೆರೆಯ ಕಾಲದಲ್ಲಿ ಚರ್ಚುಗಳು ನೆಲಸಮವಾದ ಕಾರಣ ಸ್ಥಳೀಯ ಪುಸ್ತಕ ಸಾಮಾನ್ಯವಾಗಿ ಅಲ್ಲಿಂದೀಚೆಗೆ ಸಿಗುತ್ತದೆ, ಅದಕ್ಕೂ ಹಿಂದೆ ಹೋಗಬೇಕಾದವರು ಗೋವೆಯ ಕಡೆ ನೋಡಬೇಕು. ಬಾಸೆಲ್ ಮಿಶನ್ 1834ರಲ್ಲಿ ಮಂಗಳೂರಿಗೆ ಬಂತು, ಅದರ ಕಾಗದಪತ್ರ, ಛಾಯಾಚಿತ್ರಗಳು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿವೆ.

ಇವಕ್ಕೆ ಹೆಚ್ಚು ಹೊತ್ತು ಕೊಡಬೇಡಿ

ಜನಗಣತಿಯಲ್ಲಿ ಮುತ್ತಜ್ಜನನ್ನು ಹುಡುಕುವ ಯೋಚನೆ ಬಿಟ್ಟುಬಿಡಿ. ಬೇರೆ ಕೆಲವು ದೇಶಗಳಲ್ಲಿ ಮನೆವಾರು ಹಾಳೆಗಳನ್ನು ಕಾಲ ಕಳೆದ ಮೇಲೆ ತೆರೆದಿಡುತ್ತಾರೆ, ಇಲ್ಲಿ ಕೋಷ್ಟಕಗಳು ಮಾತ್ರ ಪ್ರಕಟವಾಗಿವೆ, 1948ರ ಜನಗಣತಿ ಕಾಯ್ದೆಯಂತೆ ವ್ಯಕ್ತಿಗತ ದಾಖಲೆ ನೋಡಲು ಅವಕಾಶವಿಲ್ಲ. ಜನನ ಮರಣ ನೋಂದಣಿ ಕಡ್ಡಾಯವಾದದ್ದು 1969ರ ಕಾಯ್ದೆಯಿಂದ, ಅದಕ್ಕೂ ಹಿಂದಿನದು ಸಿಕ್ಕರೆ ಪುಣ್ಯ. ಸಿಕ್ಕರೂ "ಗಂಡು ಮಗು" ಎಂದಷ್ಟೇ ಇರಬಹುದು.

ಡಿಎನ್‌ಎ ಪರೀಕ್ಷೆ ಹೆಸರು ಹೇಳುವುದಿಲ್ಲ, ಅದೇ ಪರೀಕ್ಷೆ ಮಾಡಿಸಿದ ಬೇರೆ ನೆಂಟರಿದ್ದರೆ ಮಾತ್ರ ಅವರನ್ನು ತೋರಿಸುತ್ತದೆ. ಒಳಮದುವೆ ಹೆಚ್ಚಿರುವ ನಮ್ಮಲ್ಲಿ ದೂರದವರೂ ಹತ್ತಿರದವರಂತೆ ಕಾಣುತ್ತಾರೆ. ದತ್ತು ಹೋದವರ ಪ್ರಶ್ನೆಯಂಥ ನಿರ್ದಿಷ್ಟ ಗಂಟು ಇದ್ದರೆ ಸರಿ, ಇಲ್ಲವಾದರೆ ಆ ದುಡ್ಡನ್ನು ನಕಲುಗಳಿಗೆ ಹಾಕಿ.

ಕಾಲದ ಸಂದರ್ಭ: ಶಾಸನ, ಕಡತ, ಬರ

ಇವು ಹೆಸರು ಕೊಡುವುದು ಅಪರೂಪ, "ಏಕೆ" ಎಂಬುದಕ್ಕೆ ಉತ್ತರ ಕೊಡುತ್ತವೆ. ಬಿ.ಎಲ್. ರೈಸ್ ಶುರುಮಾಡಿದ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಗ್ರಹದ ಸಂಪುಟಗಳಲ್ಲಿ ಶಾಸನಗಳು ತಾಲ್ಲೂಕುವಾರು ಇರುವುದರಿಂದ ನಿಮ್ಮ ಊರಿನ ವೀರಗಲ್ಲು, ಮಾಸ್ತಿಕಲ್ಲುಗಳ ಪಾಠ ಹುಡುಕುವುದು ಸುಲಭ. ಊರಿನ ಕಲ್ಲಿನಲ್ಲಿ ಒಬ್ಬ ಗೌಡನ ಹೆಸರಿದೆ, ನಾವೂ ಆ ಊರ ಗೌಡರು, ಆದ್ದರಿಂದ ಅವನು ನಮ್ಮವನೇ ಎಂದು ಹಾರುವುದು ಮಾತ್ರ ಬೇಡ, ನಡುವಿನ ಕೊಂಡಿ ಇಲ್ಲದೆ ಅದು ಆಸೆ ಅಷ್ಟೇ. ಕಲ್ಲಿಗೆ ಎಣ್ಣೆ, ಸುಣ್ಣ ಬಳಿಯಬೇಡಿ. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಫೋಟೋ ತೆಗೆದರೆ ಅಕ್ಷರ ಎದ್ದು ಕಾಣುತ್ತದೆ.

ಮನೆಯಲ್ಲಿ ಶಾನುಭೋಗಿಕೆ ಇತ್ತೆಂದರೆ ಅಟ್ಟದ ಮೇಲೆ ಕಡತ ಇದೆಯೇ ನೋಡಿ. ಹುಣಸೆಬೀಜದ ಅಂಟು, ಇದ್ದಿಲು ಬಳಿದ ಕಪ್ಪು ಬಟ್ಟೆಯ ಮಡಿಕೆಗಳ ಮೇಲೆ ಬಳಪದಲ್ಲಿ ಬರೆದದ್ದು. ದೂಳಾಗಿದೆಯೆಂದು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಬರಹವೂ ಹೋಗುತ್ತದೆ. ಒಣ ಮೆತ್ತನೆಯ ಕುಂಚ, ಅದಕ್ಕಿಂತ ಮೊದಲು ಫೋಟೋ.

ಮನೆತನದ ಸಾಲು 1870ರ ದಶಕದಲ್ಲಿ ಇದ್ದಕ್ಕಿದ್ದಂತೆ ತುಂಡಾದರೆ ಧಾತು, ಈಶ್ವರ ಸಂವತ್ಸರಗಳ ಬರವನ್ನು ನೆನೆಯಿರಿ. 1871ರಲ್ಲಿ ಸುಮಾರು 50.5 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನ 1881ರ ಗಣತಿಗೆ ಸುಮಾರು 41.9 ಲಕ್ಷಕ್ಕೆ ಇಳಿದಿದ್ದರು. ಅಲ್ಲಿ ಸಾಲು ನಿಂತರೆ ದಾಖಲೆ ಕಳೆದಿದೆ ಎನ್ನುವ ಮೊದಲು ಮನೆಯೇ ಉಳಿಯಲಿಲ್ಲವೋ, ಊರು ಬಿಟ್ಟರೋ ಎಂದು ಕೇಳಬೇಕು. ಮನೆದೇವರು ದೂರದ ಜಿಲ್ಲೆಯಲ್ಲಿದ್ದರೆ ವಲಸೆಯ ದಿಕ್ಕಿಗೆ ಅದೊಂದು ಸುಳಿವು, ಪುರಾವೆ ಅಲ್ಲ. 1890ರ ದಶಕದ ಕೊನೆಗೆ ಬಂದ ಪ್ಲೇಗು, 1918ರ ಇನ್‌ಫ್ಲುಯೆಂಜಾ ಕೂಡ ಇದೇ ಬಗೆಯ ಕಡಿತ ಉಂಟುಮಾಡಿವೆ.

ತಾರೀಖು ಹೊಂದಿಸುವುದು, ಬರೆದಿಡುವುದು

ಜಾತಕದಲ್ಲಿ "ಶುಭಕೃತ್ ಸಂವತ್ಸರ" ಎಂದಷ್ಟೇ ಇದ್ದರೆ ಅದು 1842, 1902 ಅಥವಾ 1962ರಲ್ಲಿ ಶುರುವಾದ ವರ್ಷ, ಅರವತ್ತು ವರ್ಷಕ್ಕೊಮ್ಮೆ ಮರಳುತ್ತದೆ. ಶಕವರ್ಷ ಇದ್ದರೆ 12 ಕೂಡಿ 60ರಿಂದ ಭಾಗಿಸಿ, ಉಳಿದ ಶೇಷವೇ ಪ್ರಭವದಿಂದ ಎಣಿಸಿದ ಸಂವತ್ಸರದ ಸಂಖ್ಯೆ. ಶೇಷ ಸೊನ್ನೆ ಬಂದರೆ ಅರವತ್ತನೆಯದು. ಶಕ 1824ಕ್ಕೆ ಶೇಷ 36, ಶುಭಕೃತ್ ಮೂವತ್ತಾರನೆಯದು, ತಾಳೆಯಾಯಿತು. ಶಕಕ್ಕೆ 78 ಕೂಡಿದರೆ ಇಸವಿ, ಜನವರಿಯಿಂದ ಯುಗಾದಿವರೆಗಿನ ತಿಥಿಗಳಿಗೆ 79. ಹೈದರಾಬಾದ್, ಮದ್ರಾಸ್ ಕಡೆಯ ಕಂದಾಯ ಕಾಗದದಲ್ಲಿ ಫಸಲಿ ವರ್ಷ (ಬೆಳೆಯ ಲೆಕ್ಕದ ಕಂದಾಯ ವರ್ಷ) ಬಂದರೆ ಅದು ಶುರುವಾದಾಗಿನಿಂದ ಡಿಸೆಂಬರ್‌ವರೆಗಿನ ತಿಂಗಳುಗಳಿಗೆ 590, ಜನವರಿಯಿಂದ ಮುಂದಕ್ಕೆ 591 ಕೂಡಿ.

ಬರೆದಿಡಲು ನೋಟುಬುಕ್ಕೋ, ಸಾಫ್ಟ್‌ವೇರೋ? ಐವತ್ತು ಜನರವರೆಗೆ ದೊಡ್ಡ ಹಾಳೆ ಸಾಕು. ಆಚೆಗೆ ಗ್ರಾಂಪ್ಸ್‌ನಂಥ ಉಚಿತ ತಂತ್ರಾಂಶ ಒಳ್ಳೆಯದು, ಕಡತ ನಿಮ್ಮ ಕಂಪ್ಯೂಟರಿನಲ್ಲೇ ಇರುತ್ತದೆ. ಆನ್‌ಲೈನಿನ ಹಂಚಿಕೆಯ ಮರದಲ್ಲಿ ದೂರದ ನೆಂಟರು ಸಿಗುವ ಲಾಭವಿದೆ, ಯಾರೋ ಬಂದು ನಿಮ್ಮ ಮುತ್ತಜ್ಜನಿಗೆ ಬೇರೆ ಅಪ್ಪನನ್ನು ಕೂರಿಸುವ ಅಪಾಯವೂ ಇದೆ. ಬದುಕಿರುವವರ ವಿವರವನ್ನು ಅಲ್ಲಿ ಹಾಕಬೇಡಿ. ಕನ್ನಡವನ್ನು ಯೂನಿಕೋಡಿನಲ್ಲೇ ಟೈಪಿಸಿ, ಹಳೆಯ ನುಡಿ, ಬರಹದ ಫಾಂಟಿನಲ್ಲಿ ಮಾಡಿದ್ದು ಬೇರೆ ಕಡೆ ತೆರೆದಾಗ ಚಿತ್ರಾಕ್ಷರವಾಗುತ್ತದೆ.

ಸೋದರಮಾವನನ್ನೇ ಮದುವೆಯಾದ ಕಡೆ ತಂತ್ರಾಂಶ ತಕರಾರು ತೆಗೆಯುವಂತೆ ಕಾಣಬಹುದು: ಆ ದಂಪತಿಯ ಮಗುವಿಗೆ ಒಬ್ಬರೇ ಅಪ್ಪನ ಕಡೆಯಿಂದ ಅಜ್ಜ, ಅಮ್ಮನ ಕಡೆಯಿಂದ ಮುತ್ತಜ್ಜ. ಅದು ತಪ್ಪಲ್ಲ, ಅವರನ್ನು ಎರಡು ಸಲ ಸೇರಿಸಬೇಡಿ, ಇದ್ದವರಿಗೇ ಗೆರೆ ಎಳೆಯಿರಿ. ಅತ್ತೆಮಗಳನ್ನು ತಂದ ಮನೆಯಲ್ಲಿ ಎಂಟು ಜನ ಮುತ್ತಜ್ಜ ಮುತ್ತಜ್ಜಿಯರ ಬದಲು ಆರೇ ಸಿಗುತ್ತಾರೆ, ಉಳಿದಿಬ್ಬರಿಗಾಗಿ ಹುಡುಕುತ್ತಾ ಕೂರಬೇಡಿ.

ಇದಕ್ಕಿಂತ ಹೆಚ್ಚು ಕಾಟ ಕೊಡುವುದು ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ರೂಢಿ. ಕಲ್ಲಪ್ಪನ ಮಗ ಬಸಪ್ಪ, ಬಸಪ್ಪನ ಮಗ ಕಲ್ಲಪ್ಪ, ಅವನ ಮಗ ಮತ್ತೆ ಬಸಪ್ಪ. ಒಂದು ಪತ್ರದಲ್ಲಿ "ಬಸಪ್ಪ ತಂದೆ ಕಲ್ಲಪ್ಪ" ಸಿಕ್ಕರೆ ಯಾವ ಬಸಪ್ಪ? ಪ್ರತಿಯೊಬ್ಬರಿಗೂ ಒಂದು ಸಂಖ್ಯೆ ಕೊಟ್ಟು, ಹೆಂಡತಿಯ ಹೆಸರು, ಸರ್ವೆ ನಂಬರು, ಕಾಗದದ ವರ್ಷ ಈ ಮೂರನ್ನು ಸಂಖ್ಯೆಯ ಪಕ್ಕದಲ್ಲೇ ಬರೆಯಿರಿ. ಮೂರರಲ್ಲಿ ಎರಡಾದರೂ ಹೊಂದುವವರೆಗೆ ಆ ಪತ್ರವನ್ನು ಯಾವ ಬಸಪ್ಪನಿಗೂ ಅಂಟಿಸದೆ ಬೇರೆ ಲಕೋಟೆಯಲ್ಲಿ ಇಟ್ಟಿರಿ.